ಗಿಡದ ಬಯಕೆ, ಮನೆಯ ಬಯಕೆ

ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಲ್ಲಿ ಬದುಕುವ ಗಂಗಾವತಿ ಸೀಮೆಯಲ್ಲಿ ಗದ್ದೆಯಲ್ಲಿ ಏನು ಬೆಳೆಯಬೇಕೆಂಬುದನ್ನು ರೈತನ ಮನಸ್ಸೊಂದೇ ತೀರ್ಮಾನಿಸುವುದಿಲ್ಲ. ಜಲಾಶಯದ ಮಟ್ಟ, ನೀರಾವರಿ ಸಲಹಾ ಸಮಿತಿಯ ನಿರ್ಣಯ, ಅಕ್ಕಿ ಗಿರಣಿಯವರು ಕೇಳುವ ತಳಿ, ತೀರಿಸಬೇಕಾದ ಸಾಲ, ಇವೆಲ್ಲ ಸೇರಿ ತೀರ್ಮಾನಿಸುತ್ತವೆ ಮತ್ತು ಇವೆಲ್ಲದರ ಉತ್ತರ ಬಹುತೇಕ ಪ್ರತಿ ಹಂಗಾಮಿನಲ್ಲೂ ಭತ್ತವೇ ಆಗಿರುತ್ತದೆ. ಅದೇ ರೈತನ ಮನೆಯ ಹಿಂದೆ ಬಚ್ಚಲಿನ ನೀರು ಹರಿದುಹೋಗುವ ಕಡೆ ಉಳಿದಿರುವ ನಾಲ್ಕು ಮಾರು ನೆಲದಲ್ಲಿ ಮಾತ್ರ ಯಾವ ಸಮಿತಿಯ ನಿರ್ಣಯವೂ ನಡೆಯುವುದಿಲ್ಲ. ಅಲ್ಲಿ ಬಾಳೆ ಇರಬೇಕೋ ಬಸಳೆ ಹಬ್ಬಬೇಕೋ, ಮಲ್ಲಿಗೆ ಬಳ್ಳಿಗೆ ಚಪ್ಪರ ಬೇಕೋ ಹೀರೆಗೆ ಬೇಕೋ ಎಂಬುದನ್ನು ಮನೆಯವರ ಬಯಕೆಯೇ ಹೇಳುತ್ತದೆ. ಹಿತ್ತಲು ಎಂದೂ ಕೈತೋಟ ಎಂದೂ ಕರೆಯಲಾಗುವ ಈ ಪುಟ್ಟ ನೆಲ ಕೊಡುವ ಸಂತೋಷಗಳು ಏಕೆ ಚಿಕ್ಕವು, ಚಿಕ್ಕವಾಗಿದ್ದೂ ಏಕೆ ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತವೆ ಎಂಬುದೇ ಈ ಭಾಷಣದ ವಿಷಯ.

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವ ದಾರಿಯಲ್ಲಿರುವ ಶ್ರೀರಾಮನಗರವನ್ನು ಈ ವಿಚಾರಕ್ಕೆ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ, ಅಂದರೆ ಆ ಕಾಲುವೆಯ ನೀರು ತಲುಪುವ ಜಮೀನಿಗೆ, ಆಂಧ್ರದ ಕರಾವಳಿ ಜಿಲ್ಲೆಗಳಿಂದ ಅನೇಕ ರೈತ ಕುಟುಂಬಗಳು ಬಂದವು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಯನ್ನು ಅವರು ಕೊಂಡು, ಮಟ್ಟ ಮಾಡಿ, ಗದ್ದೆ ಕಟ್ಟಿದರು. ಅವರು ನೆಲೆ ನಿಂತ ಶ್ರೀರಾಮನಗರದಂಥ ಹೊಸ ವಸತಿಗಳಿಗೆ ಈ ಭಾಗದಲ್ಲಿ ‘ಕ್ಯಾಂಪು’ ಎಂಬ ಹೆಸರು ರೂಢಿಯಾಯಿತು. ಗದ್ದೆಯಲ್ಲಿ ಅವರು ಬೆಳೆದದ್ದು ಪೇಟೆಗೆ ಹೋಯಿತು. ಆದರೆ ತವರಿನ ನೆನಪಿಗೆ ಗದ್ದೆಯಲ್ಲಿ ಜಾಗವಿರಲಿಲ್ಲ. ಗೋಂಗೂರ ಸೊಪ್ಪು, ‘ಪಪ್ಪು’ ಎಂಬ ಬೇಳೆಯ ಅಡುಗೆಗೆ ಬೇಕಾದ ಹಳದಿ ದೋಸಕಾಯಿ, ಮುಡಿಗೆ ಬೇಕಾದ ಕನಕಾಂಬರ, ಇವೆಲ್ಲ ಬೇರೂರಿದ್ದು ಹಿತ್ತಲಿನಲ್ಲಿಯೇ. ಬೇಲಿಯ ಆಚೆಗಿನ ಕನ್ನಡದ ಮನೆಗಳಲ್ಲಿ ಪುಂಡಿಪಲ್ಲೆ, ರಾಜಗಿರಿ, ಚವಳಿಕಾಯಿ, ಮುಳ್ಳುಬದನೆ ಮೊದಲೇ ಇದ್ದವು. ಬೀಜಗಳಿಗೆ ಭಾಷೆಯ ಗಡಿ ಇಲ್ಲದುದರಿಂದ ಸೀರೆಯ ಸೆರಗಿನ ಗಂಟಿನಲ್ಲಿಯೂ ಕಾಗದದ ಪೊಟ್ಟಣದಲ್ಲಿಯೂ ಅವು ಬೇಲಿ ದಾಟಿದವು. ಇಂದು ಈ ಸೀಮೆಯ ಹಿತ್ತಲುಗಳನ್ನು ನೋಡಿ ಮನೆಯವರ ಮಾತೃಭಾಷೆಯನ್ನು ಊಹಿಸುವುದು ಕಷ್ಟ.

ಇಲ್ಲಿ ‘ಬಯಕೆ’ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಸುರಿ ಹೆಂಗಸಿಗೆ ಹುಳಿ ಮಾವಿನಕಾಯಿಯ ಮೇಲೋ ಹಸಿ ಹುಣಸೆಯ ಮೇಲೋ ಮನಸ್ಸಾಗುವುದನ್ನು ಕನ್ನಡದಲ್ಲಿ ಬಯಕೆ ಎನ್ನುತ್ತಾರೆ. ಸಂಸ್ಕೃತ ಕಾವ್ಯಗಳಲ್ಲಿ ಇದೇ ‘ದೋಹದ’. ಈ ದೋಹದ ಮನುಷ್ಯರಿಗೆ ಮಾತ್ರವಲ್ಲ, ಗಿಡಮರಗಳಿಗೂ ಉಂಟೆಂದು ಹಳೆಯ ಕವಿಗಳು ನಂಬಿದಂತೆ ಬರೆದರು: ಅಶೋಕವು ತರುಣಿಯ ಪಾದ ಸೋಕಿದರೆ ಹೂ ಬಿಡುತ್ತದೆ, ಬಕುಲವು ಅವಳು ಬಾಯಿಂದ ಸೂಸಿದ ಮದ್ಯಕ್ಕೆ ಅರಳುತ್ತದೆ ಎಂಬಂಥ ಮಾತುಗಳು ಕವಿಸಮಯ, ಎಂದರೆ ಲೋಕದಲ್ಲಿ ನಿಜವಿರಲಿ ಇಲ್ಲದಿರಲಿ ಕವಿಗಳು ಪರಂಪರೆಯಿಂದ ಒಪ್ಪಿಕೊಂಡು ಬಂದ ಕಟ್ಟುಕಲ್ಪನೆ. ಕಾವ್ಯದ ಆಚೆಗೆ, ಗಿಡಮರಗಳ ಪಾಲನೆ ಮತ್ತು ಚಿಕಿತ್ಸೆಯ ಶಾಸ್ತ್ರವಾದ ವೃಕ್ಷಾಯುರ್ವೇದವೂ ಗಿಡಕ್ಕೆ ಏನು ಬೇಕು ಎಂಬ ಪ್ರಶ್ನೆಯನ್ನೇ ಕೇಳುತ್ತದೆ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವಿದೆ; ಕನ್ನಡದಲ್ಲಿ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿಯೂ ಈ ವಿಷಯ ಬಂದಿದೆ. ಈ ಪರಂಪರೆ ಹೇಳುವ ಎಷ್ಟೋ ಲೇಪ, ಕಷಾಯ, ಧೂಪಗಳನ್ನು ಇಂದಿನ ಸಸ್ಯವಿಜ್ಞಾನ ಒಪ್ಪುವುದಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ. ಪ್ರಶ್ನೆ ಮಾತ್ರ ಸರಿಯಾಗಿದೆ. ಮನೆಯವರ ಬಯಕೆ ಈಡೇರಬೇಕಾದರೆ ಗಿಡದ ಬಯಕೆ ಮೊದಲು ಈಡೇರಬೇಕು, ಮತ್ತು ಗಿಡ ತನ್ನ ಬಯಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಅದನ್ನು ಕಂಡುಹಿಡಿಯುವುದೇ ಹಿತ್ತಲಿನ ಕೆಲಸದ ಮುಕ್ಕಾಲು ಪಾಲು.

ಹೀರೆಯ ಬಳ್ಳಿಯನ್ನು ನೋಡಬಹುದು. ಮುಂಗಾರಿನಲ್ಲಿ ಬೀಜ ಹಾಕಿ, ಬಳ್ಳಿ ಚಪ್ಪರಕ್ಕೆ ಹತ್ತಿ, ಹಳದಿ ಹೂ ತುಂಬಿಕೊಂಡ ಮೇಲೆ, ‘ಬರೀ ಹೂವೇ ಆಯಿತು, ಕಾಯಿ ಕಾಣಲಿಲ್ಲ’ ಎಂಬ ದೂರು ಪ್ರತಿ ವರ್ಷ ಒಂದಲ್ಲ ಒಂದು ಮನೆಯಿಂದ ಕೇಳಿಬರುತ್ತದೆ. ಹೀರೆಯಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಹೂಗಳು ಗೊಂಚಲಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ, ಹೆಣ್ಣು ಹೂಗಳು ಕೆಲವು ದಿನ ತಡವಾಗಿ ಒಂಟಿಯಾಗಿ ಬರುತ್ತವೆ. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಏಕೆಂದರೆ ಅದರ ಎಸಳುಗಳ ಹಿಂದೆ ಕಿರುಬೆರಳಿಗಿಂತ ಸಣ್ಣದಾದ, ಆದರೆ ಏಣುಗಳೆಲ್ಲ ಆಗಲೇ ಮೂಡಿರುವ ಒಂದು ಎಳೆ ಹೀರೇಕಾಯಿ ಇರುತ್ತದೆ. ಪರಾಗ ತಲುಪಿದರೆ ಅದು ಬೆಳೆಯುತ್ತದೆ, ತಲುಪದಿದ್ದರೆ ಹಳದಿಗಟ್ಟಿ ಉದುರುತ್ತದೆ. ಸೌತೆ, ಹಾಗಲ, ಕುಂಬಳಗಳ ಹೂಗಳು ಬೆಳಗಿನ ಹೊತ್ತು ಅರಳಿ ಜೇನ್ನೊಣಗಳನ್ನು ಕಾಯುತ್ತವೆ. ಹೀರೆಯದು ತದ್ವಿರುದ್ಧ ಸ್ವಭಾವ, ಅದು ಅರಳುವುದೇ ಬಿಸಿಲು ಇಳಿದ ಮೇಲೆ, ಸಂಜೆ ಐದರಿಂದ ಎಂಟರ ನಡುವೆ. ಆ ಹೊತ್ತಿಗೆ ಜೇನ್ನೊಣಗಳು ಗೂಡು ಸೇರುವ ಆತುರದಲ್ಲಿರುತ್ತವೆ, ಆದ್ದರಿಂದ ಕತ್ತಲೆಯಲ್ಲಿ ಹಾರಾಡುವ ಪತಂಗಗಳ ಮೇಲೆ ಹೀರೆ ಬಹುಮಟ್ಟಿಗೆ ಅವಲಂಬಿಸಿದೆ. ಸುತ್ತಲಿನ ಗದ್ದೆಗಳಿಗೆಲ್ಲ ಕೀಟನಾಶಕ ಹೊಡೆದ ವಾರದಲ್ಲಿ ಪತಂಗಗಳು ಬಾರದಿದ್ದರೆ ಅದು ಬಳ್ಳಿಯ ತಪ್ಪಲ್ಲ.

ಈ ವಿಷಯ ತಿಳಿದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಚಪ್ಪರದ ಕೆಳಗೆ ನಿಲ್ಲುತ್ತಾರೆ. ಆಗ ತಾನೇ ಬಿಚ್ಚಿಕೊಂಡ ಗಂಡು ಹೂವೊಂದನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ ಅಥವಾ ತೆಗೆದುಹಾಕಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಶಲಾಕೆಯ ತುದಿಗೆ, ಅಂದರೆ ಪರಾಗವನ್ನು ಹಿಡಿದುಕೊಳ್ಳುವ ಭಾಗಕ್ಕೆ, ಮೆಲ್ಲಗೆ ಸವರಿದರೆ ಸಾಕು. ಇಡೀ ಕೆಲಸ ಅರ್ಧ ನಿಮಿಷದ್ದು. ಮರುದಿನವೇ ಏನೂ ಗೊತ್ತಾಗುವುದಿಲ್ಲ. ಮೂರನೆಯ ದಿನಕ್ಕೆ ಕಾಯಿಯ ತೊಟ್ಟು ಹಸಿರಾಗಿಯೇ ಉಳಿದು, ಕಾಯಿ ಕೆಳಮುಖವಾಗಿ ಜೋತುಬಿದ್ದರೆ ಕಟ್ಟಿತೆಂದು ಅರ್ಥ. ಎಂಟು ಹತ್ತು ದಿನಗಳಲ್ಲಿ ಅದು ಕೀಳುವ ಹದಕ್ಕೆ ಬರುತ್ತದೆ, ಬಿಟ್ಟರೆ ನಾರಾಗುತ್ತದೆ. ಪೇಟೆಯಲ್ಲಿ ಇದರ ಬೆಲೆ ಹೆಚ್ಚೇನೂ ಇಲ್ಲ, ಗಂಗಾವತಿಯ ಸಂತೆಯಲ್ಲಿ ಇದಕ್ಕಿಂತ ನೀಳವಾದ ಕಾಯಿ ರಾಶಿಯಾಗಿ ಸಿಗುತ್ತದೆ. ಆದರೂ ಕತ್ತಲಾಗುವ ಹೊತ್ತಿನಲ್ಲಿ ಪತಂಗದ ಕೆಲಸವನ್ನು ತನ್ನ ಕೈಯಿಂದ ಮಾಡಿದ ಗೃಹಿಣಿ ಅದರ ತಿರುಳನ್ನು ಪಲ್ಯಕ್ಕೆ ಹಾಕಿ, ಸಿಪ್ಪೆಯನ್ನೂ ಎಸೆಯದೆ ಹುರಿದು, ಎಳ್ಳು ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ ಅರೆದು ರೊಟ್ಟಿಯ ಪಕ್ಕಕ್ಕೆ ಇಟ್ಟಾಗ ಮನೆಯವರಿಗೆಲ್ಲ ಅದರ ಕಥೆಯನ್ನು ಹೇಳದೆ ಇರುವುದಿಲ್ಲ.

ಮಲ್ಲಿಗೆಯ ಬಯಕೆ ಇನ್ನೂ ವಿಚಿತ್ರವಾದದ್ದು, ಏಕೆಂದರೆ ಅದು ಕೇಳುವುದು ಆರೈಕೆಯನ್ನಲ್ಲ, ಒಂದಿಷ್ಟು ಅನಾದರವನ್ನು. ವರ್ಷವಿಡೀ ಪ್ರೀತಿಯಿಂದ ನೀರೆರೆದ ದುಂಡುಮಲ್ಲಿಗೆ ಹಸಿರು ಎಲೆಯಿಂದ ತುಂಬಿ ನಿಲ್ಲುತ್ತದೆಯೇ ಹೊರತು ಮೊಗ್ಗು ಬಿಡುವುದಕ್ಕೆ ಜಿಪುಣತನ ತೋರಿಸುತ್ತದೆ. ಚಳಿಗಾಲದಲ್ಲಿ ಕೆಲವು ವಾರ ನೀರನ್ನು ತಡೆದು, ಹಳೆಯ ಎಲೆ ಉದುರಲು ಬಿಟ್ಟು, ಕಡ್ಡಿಗಳನ್ನು ಕತ್ತರಿಸಿ, ಆಮೇಲೆ ಗೊಬ್ಬರ ಮತ್ತು ನೀರು ಕೊಟ್ಟರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕೂಡುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಹೂವಿಗೆ ಕೊರತೆ ಇರುವುದಿಲ್ಲ. ಕುಷ್ಟಗಿಯ ಕಡೆಯ ದಾಳಿಂಬೆ ಬೆಳೆಗಾರರು ತಮ್ಮ ತೋಟಗಳಲ್ಲಿ ಮಾಡುವ ‘ಬಹಾರ್’ ಪದ್ಧತಿಯೂ, ಅಂದರೆ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಟ್ಟು ಬೇಕಾದ ಕಾಲಕ್ಕೆ ಹೂ ಬರಿಸುವ ಕ್ರಮವೂ, ಇದೇ ತತ್ತ್ವದ ಮೇಲೆ ನಿಂತಿದೆ. ನದಿಯ ಆಚೆ ದಂಡೆಯ ಹೂವಿನಹಡಗಲಿಯ ಮಲ್ಲಿಗೆಗೆ ಮೈಸೂರು ಮತ್ತು ಉಡುಪಿ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಸೂಚಕದ, ಎಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನವೆಂಬ, ಕಾನೂನಿನ ಮನ್ನಣೆ ದೊರೆತಿದೆ. ಹಿತ್ತಲಿನ ಮಲ್ಲಿಗೆಗೆ ಅಂಥ ಮನ್ನಣೆ ಬೇಕಿಲ್ಲ. ಮಧ್ಯಾಹ್ನದ ಕೊನೆಯಲ್ಲಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಸಂಜೆ ಬಾಳೆನಾರಿನಲ್ಲಿ ಪೋಣಿಸಿದ ಒಂದು ಮೊಳ ಹೂವನ್ನು ತವರಿಗೆ ಬಂದ ಮಗಳ ಜಡೆಗೆ ಮುಡಿಸಲು ಸಿಕ್ಕರೆ ಆ ವರ್ಷದ ನೀರು, ಕತ್ತರಿ, ಗೊಬ್ಬರಗಳ ಲೆಕ್ಕ ಮುಗಿದಂತೆಯೇ.

ಹೂವಿನ ಈ ಹಂಬಲ ಈ ಸೀಮೆಗೆ ಹೊಸದಲ್ಲ. 1443ರಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿ ಎಲ್ಲೆಲ್ಲೂ ಗುಲಾಬಿ ಮಾರಾಟವಾಗುವುದನ್ನು ಕಂಡು, ಈ ಜನರಿಗೆ ಅನ್ನದಷ್ಟೇ ಗುಲಾಬಿಯೂ ಅವಶ್ಯವೆಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಆ ರಾಜಧಾನಿಯ ಅವಶೇಷಗಳು ಗಂಗಾವತಿ ತಾಲೂಕಿನ ಆನೆಗೊಂದಿಯ ಎದುರಿಗೇ, ನದಿಯ ಇನ್ನೊಂದು ದಡದಲ್ಲಿವೆ. ಗುಲಾಬಿಯ ಆಸೆ ಇಂದಿಗೂ ತಗ್ಗಿಲ್ಲ, ಆದರೆ ಅದು ಬರುವ ದಾರಿ ಬದಲಾಗಿದೆ: ಗೋದಾವರಿ ಸೀಮೆಯ ಕಡಿಯಂ ಮೊದಲಾದ ಸಸಿಕೇಂದ್ರಗಳಿಂದ ಬರುವ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿಯೇ ಮೂರು ಹೂ ಅರಳಿಸಿಕೊಂಡು ನಿಂತ ಕಸಿ ಗುಲಾಬಿಗಳನ್ನು ಜನ ಮುಗಿಬಿದ್ದು ಕೊಳ್ಳುತ್ತಾರೆ. ಹೂ ಬಿಟ್ಟ ಗಿಡವನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದು ಮುಗಿದುಹೋದ ಸಂತೋಷವನ್ನು. ಮೊಗ್ಗಿಲ್ಲದ, ಗಟ್ಟಿ ಕಾಂಡದ, ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲಿರುವ ಸಸಿಯನ್ನು ಆರಿಸಿಕೊಳ್ಳುವವರಿಗೆ ಮಾತ್ರ ಎರಡನೆಯ ವರ್ಷದ ಹೂವು ಸಿಗುತ್ತದೆ.

ಶ್ರೀರಾಮನಗರದ ಹಿತ್ತಲುಗಳಲ್ಲಿ ಗಿಡದ ಬಯಕೆಗೂ ಮನೆಯವರ ಬಯಕೆಗೂ ನಡುವೆ ನಿಲ್ಲುವ ದೊಡ್ಡ ಅಡ್ಡಿ ಮಣ್ಣಿನದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಬೇರಿಗೆ ಉಸಿರುಕಟ್ಟುತ್ತದೆ, ಬೇಸಿಗೆಯಲ್ಲಿ ಬಿರುಕುಗಳು ಎಳೆಯ ಬೇರುಗಳನ್ನೇ ಹರಿಯುತ್ತವೆ. ಇದರ ಜೊತೆಗೆ ಕಾಲುವೆಯ ಅಚ್ಚುಕಟ್ಟಿನಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿದ್ದರಿಂದ ಅಂತರ್ಜಲ ಮೇಲೇರಿ, ತನ್ನೊಂದಿಗೆ ಲವಣಗಳನ್ನೂ ತಂದು, ಆವಿಯಾದ ಮೇಲೆ ನೆಲದ ಮೇಲೆ ಬಿಳಿಯ ಪೊರೆಯನ್ನು ಉಳಿಸುತ್ತದೆ. ಇದೇ ಸವಳು, ನೀರು ನಿಂತು ಕೆಟ್ಟದ್ದು ಜವಳು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಯ ನಿರ್ವಹಣೆಯ ಮೇಲೆಯೇ ಸಂಶೋಧನೆ ನಡೆಯುತ್ತಿದೆ. ಹಿತ್ತಲಿನ ಮಟ್ಟಿಗೆ ಪರಿಹಾರ ಊರಿನಲ್ಲಿಯೇ ಇದೆ: ಪಾತಿಯನ್ನು ನೆಲಕ್ಕಿಂತ ಒಂದು ಗೇಣು ಎತ್ತರಿಸಿ, ನೀರು ಹರಿದುಹೋಗಲು ಕಾಲುವೆ ತೆಗೆದು, ಕೊಟ್ಟಿಗೆ ಗೊಬ್ಬರದ ಜೊತೆಗೆ ಅಕ್ಕಿ ಗಿರಣಿಗಳಲ್ಲಿ ಧಾರಾಳವಾಗಿ ಸಿಗುವ ಉಮಿಯ ಕರಕನ್ನು, ಅಂದರೆ ಅರೆಬೆಂದ ಭತ್ತದ ಹೊಟ್ಟನ್ನು, ಬೆರೆಸಿದರೆ ಅಂಟುಮಣ್ಣು ಸಡಿಲವಾಗುತ್ತದೆ. ಹಸಿ ಉಮಿಯನ್ನು ಹಾಗೆಯೇ ಬೆರೆಸಬಾರದು, ಅದು ಕೊಳೆಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ತಾನೇ ಕಬಳಿಸುತ್ತದೆ. ಸವಳಿನ ಅಂಶ ಇರುವ ಕಡೆ ಪಾಲಕ್, ಬೀಟ್‌ರೂಟ್, ದಾಳಿಂಬೆಗಳು ತಾಳಿಕೊಳ್ಳುತ್ತವೆ, ಹುರುಳಿಕಾಯಿ ಮತ್ತು ನಿಂಬೆ ತಾಳುವುದಿಲ್ಲ. ಮನೆಯವರ ಆಸೆ ನಿಂಬೆಯ ಮೇಲಿದ್ದು ನೆಲದ ಆಸೆ ದಾಳಿಂಬೆಯ ಮೇಲಿದ್ದರೆ ನೆಲದ ಮಾತನ್ನು ಕೇಳುವುದೇ ಲೇಸು.

ನಿಂಬೆ ಬದುಕಿಕೊಂಡ ಹಿತ್ತಲುಗಳಲ್ಲಿ ಇನ್ನೊಂದು ಬಗೆಯ ಪರೀಕ್ಷೆ ಕಾದಿರುತ್ತದೆ. ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣುವ ಕಪ್ಪು ಬಿಳುಪಿನ ಒಂದು ತುಣುಕು ಮರುದಿನ ಬೇರೆ ಎಲೆಯ ಮೇಲಿದ್ದರೆ, ಅದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದ ಮೇಲೆ ಅದು ಎಲೆಯ ಬಣ್ಣಕ್ಕೇ ತಿರುಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕಿತ್ತಳೆ ಬಣ್ಣದ ಕವಲುಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಕರಿಬೇವಿನ ಗಿಡಕ್ಕೂ ಇದರ ಬಳಗದ ಹುಳುಗಳು ಬರುತ್ತವೆ. ಮೊಳಕಾಲೆತ್ತರದ ಸಸಿಯಾದರೆ ಹುಳುವನ್ನು ಕೈಯಿಂದ ತೆಗೆಯಬೇಕಾಗುತ್ತದೆ. ಆಳೆತ್ತರದ ಗಿಡವಾದರೆ ನಾಲ್ಕು ಟೊಂಗೆಯ ಎಲೆ ಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಹಾಗೆ ಬಿಟ್ಟ ಮನೆಯ ಮಕ್ಕಳು ಕೋಶವನ್ನು ದಿನವೂ ನೋಡುತ್ತ, ಒಂದೆರಡು ವಾರದ ಒಳಗೆ ಒಂದು ಬೆಳಿಗ್ಗೆ ಅದು ಒಡೆದು, ಮುದುಡಿದ ರೆಕ್ಕೆಯನ್ನು ಒಣಗಿಸಿಕೊಳ್ಳುತ್ತಿರುವ ಹಳದಿ ಕಪ್ಪು ಚಿಟ್ಟೆಯನ್ನು ಕಾಣುತ್ತಾರೆ. ಮಕ್ಕಳಿಗೆ ಕನಕಾಂಬರದಲ್ಲಿಯೂ ಒಂದು ಪಾಲಿದೆ: ಅದರ ಒಣಗಿದ ಕಾಯಿಗಳು ಮಳೆಯ ಹನಿ ತಾಗಿದೊಡನೆ ಟಪ್ಪೆಂದು ಸಿಡಿದು ಬೀಜವನ್ನು ದೂರ ಎಸೆಯುತ್ತವೆ, ಮಳೆ ಇಲ್ಲದ ದಿನ ನಾಲಿಗೆಯ ತುದಿಗೆ ತಾಗಿಸಿದರೂ ಸಾಕು. ಮೊಬೈಲಿನಲ್ಲಿ ಮುಳುಗಿದ ಮಕ್ಕಳನ್ನು ಹಿತ್ತಲಿಗೆ ಎಳೆದು ತರಲು ಉಪದೇಶಕ್ಕಿಂತ ಈ ಸಿಡಿಯುವ ಕಾಯಿಗಳೇ ಹೆಚ್ಚು ಸಮರ್ಥ ಎಂದು ಹೇಳಿದರೆ ಶಿಕ್ಷಣತಜ್ಞರು ಕ್ಷಮಿಸಬೇಕು.

ಹಿತ್ತಲಿನ ಪ್ರಯೋಜನವನ್ನು ಹಣದಲ್ಲಿ ಅಳೆಯುವ ಲೆಕ್ಕಗಳೂ ಇವೆ, ಪೌಷ್ಟಿಕತೆಯಲ್ಲಿ ಅಳೆಯುವ ಲೆಕ್ಕಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದ ಅಂಗವಾಗಿ ಅಂಗನವಾಡಿಗಳ ಅಂಗಳದಲ್ಲಿಯೂ ಪೌಷ್ಟಿಕ ಕೈತೋಟಗಳನ್ನು ಪ್ರೋತ್ಸಾಹಿಸಲಾಗಿದೆ. ಇವು ಒಪ್ಪಬೇಕಾದ ಮಾತುಗಳೇ. ಆದರೂ ನಾಲ್ಕು ಮಾರು ನೆಲ ಒಂದು ಕುಟುಂಬದ ತರಕಾರಿಯ ಅಗತ್ಯವನ್ನು ಪೂರ್ತಿ ನೀಗಿಸಲಾರದು, ಹಾಗೆ ನೀಗಿಸುತ್ತದೆಂದು ಆಸೆ ತೋರಿಸುವುದು ಸರಿಯೂ ಅಲ್ಲ.

ಹಿತ್ತಲು ಸಲ್ಲುವುದು ಬೇರೆ ಸಂದರ್ಭಗಳಿಗೆ, ಅಂಗಡಿಯಲ್ಲಿ ಸಿಗುವ ವಸ್ತುವಿನಿಂದ ತೃಪ್ತಿಯಾಗದ ಸಂದರ್ಭಗಳಿಗೆ. ಯುಗಾದಿಯ ಬೆಳಿಗ್ಗೆ ಕನ್ನಡದ ಮನೆಯ ಬೇವು ಬೆಲ್ಲಕ್ಕೂ ತೆಲುಗಿನ ಮನೆಯ ಯುಗಾದಿ ಪಚ್ಚಡಿಗೂ ಅದೇ ಬೇವಿನ ಹೂ ಬೇಕು, ಮತ್ತು ಬೇವು ಚೈತ್ರದ ಹೊತ್ತಿಗೆ ಸರಿಯಾಗಿ ಹೂ ಬಿಟ್ಟಿರುತ್ತದೆ. ಕಾರ್ತಿಕದ ತುಳಸಿ ಲಗ್ನಕ್ಕೆ ನೆಲ್ಲಿಯ ಟೊಂಗೆ ಬೇಕು. ಬಸುರಿ ಸೊಸೆಗೆ ಪುಂಡಿಪಲ್ಲೆಯ ಹುಳಿಯ ಮೇಲೆ ಮನಸ್ಸಾದರೆ ಸಂತೆಯ ದಿನದವರೆಗೆ ಕಾಯುವಂತಿಲ್ಲ. ಅತ್ತೆ ಹಿತ್ತಲಿಗೆ ಹೋಗಿ ಒಂದು ಹಿಡಿ ಎಲೆ ಮುರಿದು ತಂದರೆ, ಆ ಮನೆಯಲ್ಲಿ ಆಡದೇ ಉಳಿದ ಎಷ್ಟೋ ಮಾತುಗಳು ಆಡಿದಂತಾಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಗಿ, ಎರಡನೆಯ ಬೆಳೆಗೆ ನೀರು ಉಳಿಯುವುದೋ ಇಲ್ಲವೋ ಎಂದು ಇಡೀ ಅಚ್ಚುಕಟ್ಟು ತಲೆಯ ಮೇಲೆ ಕೈ ಹೊತ್ತಿದ್ದಾಗಲೂ ಬಚ್ಚಲ ನೀರಿನ ಬಾಳೆಗೆ ಯಾವ ಆತಂಕವೂ ಇರಲಿಲ್ಲ.

ಹಿತ್ತಲನ್ನು ಹೊಸದಾಗಿ ಆರಂಭಿಸಬೇಕೆಂದಿರುವ ಕೇಳುಗರು ದೊಡ್ಡ ಪಟ್ಟಿ ಮಾಡಿಕೊಳ್ಳದೆ ಕರಿಬೇವಿನಿಂದ ಆರಂಭಿಸಬಹುದು, ಏಕೆಂದರೆ ಒಗ್ಗರಣೆಗೆ ಅದು ಬೇಕಾಗದ ಮನೆ ಈ ಸೀಮೆಯಲ್ಲಿಲ್ಲ. ಅದರ ಬೀಜದ ಗುಣವೊಂದನ್ನು ಮಾತ್ರ ತಿಳಿದಿರಬೇಕು: ಕಪ್ಪಾಗಿ ಮಾಗಿದ ಹಣ್ಣಿನ ತಿರುಳನ್ನು ತೊಳೆದು ಬೀಜವನ್ನು ಕೆಲವೇ ದಿನಗಳಲ್ಲಿ ಬಿತ್ತಬೇಕು, ಒಣಗಿಸಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಬೀಜ ಮೊಳೆಯುವುದಿಲ್ಲ. ಮೊದಲ ವರ್ಷ ಸಸಿ ಬೆಳೆದಂತೆಯೇ ಕಾಣುವುದಿಲ್ಲ, ಆಗ ಅದರ ಎಲೆಯನ್ನು ಕೀಳಬಾರದು. ನೆರೆಮನೆಯ ಗಿಡದಲ್ಲಿ ಮಳೆಗಾಲದ ಆರಂಭಕ್ಕೆ ಹಣ್ಣುಗಳು ಕಪ್ಪಾಗುತ್ತವೆ. ಹಕ್ಕಿಗಳು ಮುಗಿಸುವ ಮೊದಲೇ ಕೇಳಿ ಇಸಿದುಕೊಳ್ಳಬೇಕು.